ಕುಚ್ಚು ಕಟ್ಟಿದ ಹಣ ಸಂಬಳದ ಖಾತೆಗೆ ಬಂದರೆ ತಪ್ಪೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ನಾನು ಖಾಸಗಿ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆ. ಸಂಜೆಯ ಹೊತ್ತು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುವ, ಫಾಲ್ಸ್ ಹೊಲಿಯುವ ಕೆಲಸವನ್ನು ನಾಲ್ಕು ವರ್ಷಗಳಿಂದ ಮಾಡುತ್ತಿದ್ದೇನೆ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಿಂದಲೂ ಸೀರೆಗಳು ಬರುತ್ತವೆ. ಕಳೆದ ವರ್ಷ ಒಟ್ಟು ಸುಮಾರು 2,80,000 ರೂಪಾಯಿ ಬಂದಿದ್ದು, ಅದರಲ್ಲಿ 60,000 ನಗದು. ಉಳಿದದ್ದೆಲ್ಲ ಯುಪಿಐ ಮೂಲಕ, ಬಹುತೇಕ ನನ್ನ ಸಂಬಳದ ಖಾತೆಗೇ ಜಮೆಯಾಗಿದೆ. ಕೆಲವೊಮ್ಮೆ ಯಜಮಾನರ ನಂಬರಿಗೂ ಹಾಕಿಸಿಕೊಂಡಿದ್ದೇನೆ. ಅವರು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರು. ನನ್ನ ಖಾತೆಗೆ ಚೀಟಿಯ ಹಣವೂ, ಅಮ್ಮನ ಔಷಧಿಗೆಂದು ತಂಗಿ ಕಳಿಸುವ ಹಣವೂ ಬರುತ್ತವೆ. ಹೋದ ವಾರ ಬ್ಯಾಂಕಿನವರು ಕರೆ ಮಾಡಿ, ಈ ಖಾತೆಯಲ್ಲಿ ವ್ಯಾಪಾರ ನಡೆಯುತ್ತಿರುವಂತಿದೆ, ಚಾಲ್ತಿ ಖಾತೆ ತೆರೆಯಬೇಕು ಎಂದರು. ನಾನು ಮಾಡಿದ್ದು ತಪ್ಪೇ?

ಉತ್ತರ (ಲೆಕ್ಕಪರಿಶೋಧಕರು):
ನಮಸ್ಕಾರ ಮೇಡಂ. ಒಬ್ಬರೇ ನಡೆಸುವ ಕಸುಬಿನಲ್ಲಿ ಕಸುಬು ಬೇರೆ, ಒಡತಿ ಬೇರೆ ಎಂದು ಕಾನೂನು ಎಣಿಸುವುದಿಲ್ಲ. ಎರಡಕ್ಕೂ ತಮ್ಮ ಒಂದೇ ಪ್ಯಾನ್. ಆದ್ದರಿಂದ ಪ್ರತ್ಯೇಕ ಖಾತೆ ಇರಲೇಬೇಕೆಂದು ಆದಾಯ ತೆರಿಗೆ ಕಾಯ್ದೆ ಒತ್ತಾಯಿಸುವುದಿಲ್ಲ. ಆಕ್ಷೇಪ ಬರುವುದು ಬ್ಯಾಂಕಿನಿಂದ. ಉಳಿತಾಯ ಖಾತೆ ತೆರೆಯುವಾಗ ನಾವೆಲ್ಲ ಓದದೆಯೇ ಸಹಿ ಹಾಕುವ ಷರತ್ತುಗಳಲ್ಲಿ, ಇದನ್ನು ವ್ಯಾಪಾರದ ವಹಿವಾಟಿಗೆ ಬಳಸಬಾರದು ಎಂಬುದೂ ಸಾಮಾನ್ಯವಾಗಿ ಇರುತ್ತದೆ. ಅದನ್ನು ಮೀರಿದರೆ ಅಪರಾಧವಾಗದು, ಆದರೆ ಖಾತೆ ಬದಲಿಸಿಕೊಳ್ಳಿ ಎಂದು ಹೇಳುವ ಹಕ್ಕು ಅವರಿಗಿದೆ. ಚಾಲ್ತಿ ಖಾತೆಯ ಹಣಕ್ಕೆ ಬ್ಯಾಂಕು ಬಡ್ಡಿ ಕೊಡಬೇಕಾಗಿಲ್ಲವಾದ್ದರಿಂದ, ಇಂಥ ಕರೆಗಳಲ್ಲಿ ನಿಯಮದ ಕಾಳಜಿ ಎಷ್ಟು, ತಿಂಗಳ ಗುರಿ ಮುಟ್ಟುವ ಆತುರ ಎಷ್ಟು ಎಂದು ಹೇಳುವುದು ಕಷ್ಟ. ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳದೆ, ಓಟಿಪಿ ಕೊಡದೆ, ಶಾಖೆಗೇ ಹೋಗಿ ಮಾತನಾಡಿ.

ನನಗೆ ಹೆಚ್ಚು ಚಿಂತೆಯಾಗುವುದು ತಮ್ಮ ಖಾತೆಯಲ್ಲಿ ನಾಲ್ಕು ಬಗೆಯ ಹಣ ಬೆರೆತಿರುವುದು. ಸಂಬಳ, ಕುಚ್ಚು, ಚೀಟಿ, ತಂಗಿಯ ಹಣ ಇವೆಲ್ಲ ಬ್ಯಾಂಕಿನ ವಿವರಪಟ್ಟಿಯಲ್ಲಿ ಒಂದೇ ತರಹ ಕಾಣುತ್ತವೆ. ಮೂರು ವರ್ಷ ಕಳೆದ ಮೇಲೆ ಅಧಿಕಾರಿಯೊಬ್ಬರು 1,500 ರೂಪಾಯಿಯ ಜಮೆಯೊಂದನ್ನು ತೋರಿಸಿ ಇದೇನು ಎಂದು ಕೇಳಿದರೆ, ವಿವರಣೆ ಕೊಡುವ ಹೊಣೆ ತಮ್ಮದೇ ಆಗಿರುತ್ತದೆ. ಆ ಹೊತ್ತಿಗೆ ಸೀರೆ ಯಾರದೆಂಬುದು ನೆನಪಿರುವುದಿಲ್ಲ. ಈಗಲೇ ತಮ್ಮ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು, ಅದಕ್ಕೆ ಜೋಡಿಸಿದ ಕ್ಯೂಆರ್ ಕೋಡನ್ನಷ್ಟೇ ಗಿರಾಕಿಗಳಿಗೆ ತೋರಿಸಿ. ದಾರ, ಮಣಿಯ ಖರ್ಚೂ ಅಲ್ಲಿಂದಲೇ ಹೋಗಲಿ. ಮನೆಖರ್ಚಿಗೆ ಬೇಕಾದಾಗ ಒಟ್ಟಿಗೆ ಒಂದು ಮೊತ್ತವನ್ನು ಸಂಬಳದ ಖಾತೆಗೆ ವರ್ಗಾಯಿಸಿಕೊಳ್ಳಿ. ಆ ವರ್ಗಾವಣೆ ಖರ್ಚೂ ಅಲ್ಲ, ಆದಾಯವೂ ಅಲ್ಲ.

ಅದು ಚಾಲ್ತಿ ಖಾತೆಯೇ ಆಗಬೇಕೇ? ಷರತ್ತಿನ ಪ್ರಕಾರ ಹೌದು, ಆದರೆ ಕನಿಷ್ಠ ಶಿಲ್ಕಿನ ಹೊರೆ ಇರುತ್ತದೆ. ತಮ್ಮಷ್ಟು ಸಣ್ಣ ವಹಿವಾಟಿಗೆ ಎರಡನೆಯ ಉಳಿತಾಯ ಖಾತೆ ಸಾಕೇ ಎಂದು ಶಾಖೆಯ ವ್ಯವಸ್ಥಾಪಕರನ್ನು ಕೇಳಿ, ಅವರು ಒಪ್ಪಿದರೆ ಅದನ್ನು ಬರಹದಲ್ಲಿ ಪಡೆಯಿರಿ. ಮುಂದೆ ಕಸುಬಿಗೊಂದು ಹೆಸರಿಟ್ಟು, ಆ ಹೆಸರಿಗೆ ಚೆಕ್ ಬರುವಂತಾದರೆ ಚಾಲ್ತಿ ಖಾತೆ ಅನಿವಾರ್ಯ. ಅದಕ್ಕೆ ಕೇಳುವ ದಾಖಲೆಗಳಲ್ಲಿ, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪತ್ರ ಸಲ್ಲುತ್ತದೆ. ಆ ನೋಂದಣಿ ಉಚಿತ, ಮಧ್ಯವರ್ತಿಗೆ ಹಣ ಕೊಡಬೇಡಿ.

ಯಜಮಾನರ ನಂಬರನ್ನು ಮಾತ್ರ ಇಂದೇ ನಿಲ್ಲಿಸಿ. ದುಡಿದವರು ತಾವಾದ್ದರಿಂದ ಆದಾಯ ತಮ್ಮದೇ ನಿಜ. ಆದರೆ ಸರ್ಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲವಾದ್ದರಿಂದ, ಅವರ ಖಾತೆಗೆ ಗಿರಾಕಿಗಳ ಹಣ ಬೀಳುವುದು ಅವರಿಗೆ ಸುಮ್ಮನೆ ತಲೆನೋವು ತಂದೀತು.

ಮರುಪ್ರಶ್ನೆ:
ಧನ್ಯವಾದ ಸರ್. ಇಷ್ಟು ವರ್ಷ ಸಂಬಳವನ್ನು ಮಾತ್ರ ತೋರಿಸಿ "ಸಹಜ್" ನಮೂನೆಯಲ್ಲಿ ರಿಟರ್ನ್ಸ್ ಸಲ್ಲಿಸಿದ್ದೇನೆ. ಉಪಕಸುಬಿನ ಆದಾಯವನ್ನು ತೋರಿಸಲೇಬೇಕೇ?

ಉತ್ತರ:
ತೋರಿಸಲೇಬೇಕು. ಕಸುಬಿನ ಆದಾಯ ಇರುವವರಿಗೆ "ಸಹಜ್" ಸಲ್ಲದು, "ಸುಗಮ್" ನಮೂನೆ ಬಳಸಬೇಕು. 1961ರ ಕಾಯ್ದೆಯ 44ಎಡಿ ಸೆಕ್ಷನ್ನಿನ ಅಂದಾಜು ಲಾಭದ ಪದ್ಧತಿ (ಒಟ್ಟು ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಎಣಿಸುವುದು), 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಕಾಯ್ದೆಯಲ್ಲೂ ಉಳಿದಿದೆ. ಅದರಂತೆ ಬ್ಯಾಂಕಿನ ಮೂಲಕ ಬಂದ 2,20,000ಕ್ಕೆ ಶೇ 6, ಅಂದರೆ 13,200. ನಗದು 60,000ಕ್ಕೆ ಶೇ 8, ಅಂದರೆ 4,800. ಒಟ್ಟು 18,000 ರೂಪಾಯಿಯನ್ನು ಲಾಭವೆಂದು ತೋರಿಸಬಹುದು. ಇದು ಕನಿಷ್ಠ ಮಿತಿ. ತಮ್ಮದು ಬಹುಪಾಲು ಕೈಕೆಲಸವಾದ್ದರಿಂದ ನಿಜವಾಗಿ ಉಳಿಯುವುದು ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಉಳಿದಷ್ಟನ್ನೇ ತೋರಿಸಿ ಎಂಬುದು ನನ್ನ ಸಲಹೆ. ನನ್ನ ವೃತ್ತಿಬಾಂಧವರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಹಿಂದಿನ ವರ್ಷಗಳ ತೆರಿಗೆ ಬಾಕಿಯಾಗಿದ್ದರೆ, ಸಂಬಂಧಿಸಿದ ತೆರಿಗೆ ನಿರ್ಧರಣಾ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದು ನಾಲ್ಕು ವರ್ಷಗಳವರೆಗೆ ಪರಿಷ್ಕೃತ ಮಾಹಿತಿಯ "ಅಪ್‌ಡೇಟೆಡ್ ರಿಟರ್ನ್" ಸಲ್ಲಿಸಲು ಅವಕಾಶವಿದೆ. ಮೊದಲ ವರ್ಷದೊಳಗೆ ಸಲ್ಲಿಸಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇ 25 ಹೆಚ್ಚುವರಿ. ತಡವಾದಷ್ಟೂ ಅದು ಏರಿ ಶೇ 70ರವರೆಗೆ ಹೋಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ಮಂಡ್ಯ):
ಸರ್, ನಾನು ಆಲೆಮನೆಯಿಂದ ಬೆಲ್ಲ ತಂದು ಮಾರುತ್ತೇನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸು ಬಂದಾಗಿನಿಂದ ಭಯವಾಗಿದೆ. ಎಲ್ಲವನ್ನೂ ನಗದಿಗೆ ಬದಲಿಸಿದರೆ ಒಳ್ಳೆಯದಲ್ಲವೇ?

ಉತ್ತರ:
ಆಗ ಕೆಲವು ಅಂಗಡಿಗಳು ಯುಪಿಐ ಇಲ್ಲವೆಂಬ ಫಲಕ ಹಾಕಿದ್ದೂ ಉಂಟು, ಆದರೆ ಅದರಿಂದ ಪ್ರಯೋಜನವಿಲ್ಲ. ಜಿಎಸ್‌ಟಿ ನೋಂದಣಿಗೆ ನೋಡುವ ವಹಿವಾಟಿನ ಮಿತಿಗೆ ನಗದೂ ಸೇರುತ್ತದೆ. ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ಒಟ್ಟು 10 ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕೇ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ಅಂದಾಜು ಲಾಭವೂ ಶೇ 6ರ ಬದಲು ಶೇ 8 ಆಗುತ್ತದೆ. ತಮ್ಮ ವಿಷಯದಲ್ಲಿ ನೋಡಬೇಕಾದದ್ದು ಬೆಲ್ಲವನ್ನು ಹೇಗೆ ಮಾರುತ್ತೀರಿ ಎಂಬುದು. ಬಿಡಿ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ, ಅದನ್ನಷ್ಟೇ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲಕ್ಕೆ ಶೇ 5 ತೆರಿಗೆ ಇದೆ. ಅದನ್ನೂ ಮಾರತೊಡಗಿದರೆ, ಬಿಡಿ ಬೆಲ್ಲದ ಮಾರಾಟವನ್ನೂ ಸೇರಿಸಿ 40 ಲಕ್ಷದ ಮಿತಿಯನ್ನು ಲೆಕ್ಕ ಹಾಕಬೇಕು. ನೆಂಟರಿಂದ ಬಂದ ಕೈಸಾಲ ಆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅದು ಕೈಸಾಲವೆಂದು ತೋರಿಸಲು ತಮ್ಮ ಬಳಿ ಆಧಾರ ಇರಬೇಕು. ಬಿಡಿ ಮತ್ತು ಪೊಟ್ಟಣದ ಮಾರಾಟವನ್ನು ಪುಸ್ತಕದಲ್ಲಿ ಎರಡು ಕಾಲಮ್ಮಿನಲ್ಲಿ ಬರೆಯುತ್ತಾ ಹೋಗಿ, ಮಾರ್ಚ್ ಕಳೆದ ಮೇಲೆ ಅದನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.