ಪಾಲುಪಟ್ಟಿಯಲ್ಲಿ ‘ಡೈಡ್ ವಿದೌಟ್ ಇಶ್ಯೂ’ ಅಂತಿದೆ, ಏನರ್ಥ?

ಕಾಪು_ಹುಡುಗ:
ಕುಟುಂಬದ ಮನೆಯ ಪೆಟ್ಟಿಗೆಯಲ್ಲಿ ಹಳೇ ಪಾಲುಪಟ್ಟಿಯ ನಕಲು ಸಿಕ್ಕಿತು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಅಜ್ಜಿಯ ಅಣ್ಣನ ಹೆಸರಿನ ಮುಂದೆ ‘ಡೈಡ್ ವಿದೌಟ್ ಇಶ್ಯೂ’ ಅಂತಿದೆ. ಏನೂ ತಕರಾರಿಲ್ಲದೆ ತೀರಿಕೊಂಡರು ಅಂತಲಾ? ಅಮ್ಮನನ್ನು ಕೇಳಿದರೆ, ಬೇಲಿ ಜಗಳ ಇಲ್ಲದ ದಿನವೇ ಅವರಿಗೆ ಇರಲಿಲ್ಲ ಅನ್ನುತ್ತಾರೆ.

ಮಲ್ಪೆ_ಬಂಗುಡೆ:
ಮಕ್ಕಳಿರಲಿಲ್ಲ ಅಂತ ಮಾರಾಯ್ರೆ 😄

ಹಳೇ_ಗುಮಾಸ್ತ:
ಉಡುಪಿಯಲ್ಲಿ ವಕೀಲರ ಆಫೀಸಿನಲ್ಲಿದ್ದವನು ನಾನು. ಈ ಸಾಲು ಟೈಪ್ ಮಾಡಿ ಮಾಡಿ ಬೆರಳು ಸವೆದಿದೆ.

ಲ್ಯಾಟಿನ್‌ನಲ್ಲಿ ‘ಎಕ್ಸ್’ ಅಂದರೆ ಹೊರಗೆ, ‘ಈರೆ’ ಅಂದರೆ ಹೋಗುವುದು. ಎರಡೂ ಸೇರಿ ಹಳೇ ಫ್ರೆಂಚ್‌ನಲ್ಲಿ ‘ಇಶ್ಯೂ’ ಆಯಿತು, ಹೊರಬರುವ ದಾರಿ ಅಂತ. ಹೊಟ್ಟೆಯಿಂದ ಬಂದವರು ಅನ್ನುವ ಅರ್ಥ ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೇ ಇದೆ. ಥಿಯೇಟರಿನ ‘ಎಕ್ಸಿಟ್’ ಬೋರ್ಡಿನದೂ ಇದೇ ಬೇರು. ಇನ್ನು ಕೋರ್ಟಿನಲ್ಲಿ ಎರಡೂ ಕಡೆಯ ವಾದ ಕೇಳಿ ಜಡ್ಜ್ ‘ಇಶ್ಯೂ ಫ್ರೇಮ್’ ಮಾಡುತ್ತಾರೆ, ಅಂದರೆ ತೀರ್ಮಾನಿಸಬೇಕಾದ ತಕರಾರುಗಳನ್ನು ಪಟ್ಟಿ ಮಾಡುತ್ತಾರೆ. ತಕರಾರು ಅನ್ನುವ ಅರ್ಥ ಬಂದದ್ದು ಆ ಕಡೆಯಿಂದ. ಹಾಗಾಗಿ ಒಂದೇ ಕಡತದಲ್ಲಿ ಮೊದಲ ಪುಟಕ್ಕೆ ಇಶ್ಯೂ ಇಲ್ಲ, ಮುಂದೆ ಹೋದರೆ ಇಶ್ಯೂ ನಂಬರ್ ಒಂದು, ಎರಡು, ಮೂರು! ಹೊಸ ಜೂನಿಯರ್‌ಗಳು ತಲೆ ಕೆರೆದುಕೊಳ್ಳುತ್ತಿದ್ದರು.

ಅದಿರಲಿ. ನಿಮ್ಮದು ಅಳಿಯಸಂತಾನದ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಪದ್ಧತಿಯ ಮನೆಯಾ? ಹಾಗಿದ್ದರೆ ಪದ ಬಿಡಿ, ಅವರು ತೀರಿಕೊಂಡ ವರ್ಷ ನೋಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲು ಗಂಡಸಿಗೆ ಮಕ್ಕಳಿದ್ದರೂ ಅವನ ಕುಟುಂಬದ ಆಸ್ತಿಯಲ್ಲಿ ಆ ಮಕ್ಕಳಿಗೆ ಪಾಲಿರಲಿಲ್ಲ. ಅವರು ತಾಯಿಯ ಕುಟುಂಬದವರು.

ಕಾಪು_ಹುಡುಗ:
ಹೌದು, ಅಳಿಯಸಂತಾನವೇ. 1953ರಲ್ಲಿ ತೀರಿಕೊಂಡದ್ದು. ಹಾಗಾದರೆ ಸುಮ್ನೆ ಯಾಕೆ ಬರೆದರು? ಅದೇ ಪುಟದಲ್ಲಿ ‘ನಿಸ್ಸಂತತಿ ಕವರು’ ಅಂತಲೂ ಇದೆ. ಅದೂ ಇದೂ ಒಂದೇ ಅಲ್ವಾ?

ಹಳೇ_ಗುಮಾಸ್ತ:
ಅಲ್ಲ! ಅದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಮಾತು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಆಮೇಲೆ ಹೆಣ್ಣಿನ ಕಡೆಯಿಂದ ಹುಟ್ಟಿದವರೆಲ್ಲ. ಅದರಲ್ಲಿ 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ. ಮನೆ ತುಂಬ ಗಂಡು ಮಕ್ಕಳಿದ್ದರೂ ನಿಸ್ಸಂತತಿಯೇ. ಪಾಲಾಗುವಾಗ ಅದೇ ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ನಿಸ್ಸಂತತಿಯವರ ಪಾಲು ಅವರ ಆಯುಷ್ಯದವರೆಗೆ ಮಾತ್ರ.

‘ವಿದೌಟ್ ಇಶ್ಯೂ’ ಯಾಕೆ ಬರೆದರು ಅಂದರೆ, ಟೈಪಿಸ್ಟ್‌ಗೆ ಅಭ್ಯಾಸ ಅಷ್ಟೇ. ನಾನೂ ಬರೆಯುತ್ತಿದ್ದೆ. ನಿಮ್ಮ ಅಜ್ಜಿ ಯಾವ ಕವರಿನಲ್ಲಿದ್ದಾರೆ ನೋಡಿ ಹೇಳಿ.