ಕಾರ್ಖಾನೆಯಲ್ಲಿ ಕಲಿತ ನಾಯಕತ್ವ ಎಲ್‌ಎಲ್‌ಬಿ ಓದಿಗೆ ಒದಗುತ್ತದೆಯೇ?

ಪ್ರಶ್ನೆ – ಮೊದಲ ವರ್ಷದ ವಿದ್ಯಾರ್ಥಿ

ಮಾನ್ಯರೇ, ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ 11 ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದ ನಾನು ಆ ಕೆಲಸ ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದ್ದೇನೆ. ಯಾರಿಗೆ ಯಾವ ಕೆಲಸ ಒಪ್ಪಿಸಬೇಕೆಂದು ತಿಳಿಯುವುದೇ ನಾಯಕತ್ವ ಎಂದು ಅಲ್ಲಿ ಕಲಿತಿದ್ದರಿಂದ, ಇಲ್ಲಿಯೂ ಐವರ ಗುಂಪು ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ವಿಷಯ ಹಂಚಿ, ನೋಟ್ಸ್ ಬದಲಾಯಿಸಿಕೊಂಡೆವು. ನನ್ನ ಪಾಲಿಗೆ ಬಂದಿದ್ದ ಟಾರ್ಟ್‌ನಲ್ಲಿ, ಅಂದರೆ ಸಿವಿಲ್ ತಪ್ಪುಗಳ ಕಾನೂನಿನಲ್ಲಿ, ಒಳ್ಳೆಯ ಅಂಕ ಬಂತು. ಗೆಳೆಯನ ನೋಟ್ಸ್ ನಂಬಿ ಬರೆದ ಕರಾರು ಕಾನೂನಿನಲ್ಲಿ ಫೇಲಾದೆ. ವಯಸ್ಸು ಮರೆಮಾಚಿ ಸಾಲ ಪಡೆದ ಅಪ್ರಾಪ್ತನ ಕುರಿತ ಪ್ರಶ್ನೆಗೆ ಮೊಹೋರಿ ಬೀಬಿ ಪ್ರಕರಣದ ಹೆಸರು ಬರೆದು, ‘ಕರಾರು ಶೂನ್ಯ’, ಅಂದರೆ ಕಾನೂನಿನ ಕಣ್ಣಿಗೆ ಅದು ಇಲ್ಲದಂತೆಯೇ, ಎಂದು ಮುಗಿಸಿದ್ದೆ. ವ್ಯವಹಾರ ಲೋಕದ ಪಾಠವನ್ನು ಇಲ್ಲಿಗೆ ತಂದದ್ದೇ ತಪ್ಪಾಯಿತೇ?

ಉತ್ತರ 1 – ವಕೀಲರು

ತಂದದ್ದು ತಪ್ಪಲ್ಲ, ಆರಿಸಿದ ಪಾಠ ತಪ್ಪು. ಕೆಲಸ ಹಂಚಬಹುದು, ಓದನ್ನು ಹಂಚಲಾಗದು. ವರದಿಯನ್ನಷ್ಟೇ ನೆಚ್ಚದೆ ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಬೇಕೆಂಬುದು ಟೊಯೋಟಾ ತನ್ನ ಮೇಲ್ವಿಚಾರಕರಿಗೆ ಕಲಿಸುವ ಮಾತು, ತಾವೂ ಕೇಳಿರಬೇಕು. ಕಾನೂನು ವಿದ್ಯಾರ್ಥಿಗೆ ಆ ಜಾಗ ಎಂದರೆ ಮೂಲ ತೀರ್ಪು.

1903ರ ಆ ಮೊಹೋರಿ ಬೀಬಿ ತೀರ್ಪನ್ನು ತೆರೆದು ನೋಡಿ. ಅಡಮಾನ ಬರೆದುಕೊಟ್ಟವನು ಅಪ್ರಾಪ್ತ ಎಂಬ ಸಂಗತಿ ಅವನ ತಾಯಿಯ ಪರವಾಗಿ ಬಂದ ಪತ್ರದಿಂದ ಸಾಲ ಕೊಟ್ಟವನ ಅಟಾರ್ನಿಗೆ (ಅವನ ಪರ ವ್ಯವಹರಿಸುತ್ತಿದ್ದ ವಕೀಲನಿಗೆ) ಮೊದಲೇ ತಿಳಿದಿತ್ತು. ಸತ್ಯ ಎರಡೂ ಕಡೆಯವರಿಗೆ ಗೊತ್ತಿದ್ದಾಗ ಆಗಿನ ಸಾಕ್ಷ್ಯ ಕಾಯಿದೆಯ 115ನೇ ಕಲಮಿನ ಎಸ್ಟಾಪೆಲ್ (ಒಮ್ಮೆ ಹೇಳಿ ನಂಬಿಸಿದ್ದನ್ನು ಮತ್ತೆ ಅಲ್ಲಗಳೆಯುವಂತಿಲ್ಲ ಎಂಬ ನಿಯಮ) ಅನ್ವಯಿಸದು ಎಂದು ಲಂಡನ್ನಿನಲ್ಲಿದ್ದ ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಹೇಳಿತು. ತಮ್ಮ ಪ್ರಶ್ನೆಯಲ್ಲಾದರೋ ಸಾಲ ಕೊಟ್ಟವನು ನಿಜವಾಗಿಯೂ ಮೋಸಹೋಗಿದ್ದಾನೆ. ಅದಕ್ಕೆ ಹತ್ತಿರದ್ದು 1928ರ ಖಾನ್ ಗುಲ್ ಪ್ರಕರಣ: ವಯಸ್ಸು ಮುಚ್ಚಿಟ್ಟು ಜಮೀನು ಮಾರುವುದಾಗಿ ಹಣ ಪಡೆದವನ ವಿರುದ್ಧ ಎಸ್ಟಾಪೆಲ್ ನಿಲ್ಲದು, ಆದರೂ ಪಡೆದ ಹಣವನ್ನು ಅವನು ಹಿಂದಿರುಗಿಸಬೇಕು ಎಂದು ಲಾಹೋರ್ ಹೈಕೋರ್ಟ್ ತೀರ್ಮಾನಿಸಿತು. ಗೆಳೆಯರ ನೋಟ್ಸ್ ಸುಳ್ಳಾಗಿರಲಿಲ್ಲ. ಸಂಗತಿಗಳು ಬದಲಾದಾಗ ಉತ್ತರ ಎತ್ತ ಹೊರಳುತ್ತದೆ ಎಂಬುದು ಮಾತ್ರ ಅದರಲ್ಲಿರಲಿಲ್ಲ.

ಉತ್ತರ 2 – ಅಂತಿಮ ವರ್ಷದ ವಿದ್ಯಾರ್ಥಿನಿ

ಸರ್, ಗುಂಪನ್ನು ಮಾತ್ರ ಒಡೆಯಬೇಡಿ. ಅಮೆಜಾನ್‌ನ ಸಭೆಗಳು ಎಲ್ಲರೂ ಕುಳಿತು ಮೌನವಾಗಿ ಟಿಪ್ಪಣಿ ಓದುವುದರಿಂದ ಆರಂಭವಾಗುತ್ತವೆ. ಆ ಪದ್ಧತಿಯನ್ನು ನಾವು ತೀರ್ಪುಗಳಿಗೆ ಬಳಸಿದೆವು. ಮೊದಲ ದಿನ ಇಬ್ಬರ ಫೋನು ಬಡಿದುಕೊಂಡು ಮೌನವೇನೂ ಉಳಿಯಲಿಲ್ಲ, ಅದು ಬೇರೆ ಮಾತು. ಅರ್ಧ ಗಂಟೆ ಓದಿದ ಮೇಲೆ ಇಬ್ಬರು ಎದುರು ಬದುರು ವಾದಿಸುತ್ತೇವೆ. ಗುಂಪು ಕಟ್ಟಿದವರು ಕೊನೆಯಲ್ಲಿ ಮಾತನಾಡಬೇಕು. ಹಿರಿಯರಾದ ತಾವು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಯಂತ್ರ ನಿಂತಾಗ ‘ಏಕೆ’ ಎಂದು ಐದು ಬಾರಿ ಕೇಳುವ ಅಭ್ಯಾಸ ಕಾರ್ಖಾನೆಯಲ್ಲಿತ್ತು. ನಿನ್ನೆ ರಾತ್ರಿ ಅದನ್ನೇ ನನ್ನ ಉತ್ತರದ ಮೇಲೆ ಪ್ರಯೋಗಿಸಿದೆ. ಮೂರನೆಯ ‘ಏಕೆ’ಗೇ ಸಿಕ್ಕಿಬಿದ್ದೆ. ಯಾರು ಕರಾರು ಮಾಡಿಕೊಳ್ಳಬಹುದೆಂದು ಹೇಳುವ ಕರಾರು ಕಾಯಿದೆಯ 11ನೇ ಕಲಮನ್ನು ಪರೀಕ್ಷೆಯ ತನಕ ನಾನು ಪುಸ್ತಕದಲ್ಲಿ ತೆರೆದೇ ಇರಲಿಲ್ಲ. ಶನಿವಾರಕ್ಕೆ ಖಾನ್ ಗುಲ್ ತೀರ್ಪಿನ ಐದು ಜೆರಾಕ್ಸ್ ಮಾಡಿಸಿದ್ದೇನೆ. ಕರಾರು ಕಾನೂನಿನ ನೋಟ್ಸ್ ಬರೆದ ಗೆಳೆಯ ಅಪ್ರಾಪ್ತನ ಪರ, ನಾನು ಹಣ ಕೊಟ್ಟವನ ಪರ.