‘ಅವಾಯ್ಡೆಂಟ್ ಅಟ್ಯಾಚ್‌ಮೆಂಟ್’: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೋಚಿಕಿತ್ಸೆ ಕೆಲವರಿಗೆ ಬೇಗ ಫಲಿಸುತ್ತದೆ, ಕೆಲವರಿಗೆ ಇಲ್ಲ. ಇದಕ್ಕೂ ಅವರವರ ದೇಹದ ಪ್ರತಿಕ್ರಿಯೆಗೂ ಹತ್ತಿರದವರೊಡನೆ ನಡೆದುಕೊಳ್ಳುವ ರೀತಿಗೂ ಏನು ನಂಟು ಎಂಬ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಟ್ಯಾಚ್‌ಮೆಂಟ್’, ಅಂದರೆ ಮಗುವಿಗೆ ತನ್ನನ್ನು ಸಾಕುವವರೊಡನೆ ಬೆಳೆಯುವ, ದೊಡ್ಡವರಾದ ಮೇಲೂ ಹತ್ತಿರದವರೊಡನೆ ಕಾಣುವ ಭಾವದ ನಂಟು, ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ‘ಬಾಂಧವ್ಯ’ ಎಂದರೆ ನೆಂಟಸ್ತಿಕೆ ನೆನಪಾಗುತ್ತದೆ. ‘ಮೋಹ’ದಲ್ಲಿ ಬಿಡಬೇಕಾದದ್ದು ಎಂಬ ಧ್ವನಿಯಿದೆ. ಮಗು ಅಜ್ಜಿಯನ್ನು ತುಂಬ ಹಚ್ಚಿಕೊಂಡಿದೆ ಅನ್ನುತ್ತೇವಲ್ಲ, ಆ ‘ಹಚ್ಚಿಕೊಳ್ಳು’ ಎಂಬುದೇ ಈ ಸಿದ್ಧಾಂತ ಕಟ್ಟಿದ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದಕ್ಕೆ ತೀರ ಹತ್ತಿರ ಎಂದು ನನಗನ್ನಿಸುತ್ತದೆ.

ತೊಡಕಿರುವುದು ‘ಅವಾಯ್ಡೆಂಟ್’ನಲ್ಲಿ, ಅಂದರೆ ಹತ್ತಿರವಾಗುವುದರಿಂದ ತಪ್ಪಿಸಿಕೊಳ್ಳುವ ಬಗೆಯಲ್ಲಿ. ‘ಹಚ್ಚಿಕೊಳ್ಳದ’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ಮೇರಿ ಐನ್ಸ್‌ವರ್ತ್ ರೂಪಿಸಿದ ಪ್ರಯೋಗದಲ್ಲಿ ವರ್ಷದ ಮಗುವನ್ನು ಬಿಟ್ಟು ತಾಯಿ ತುಸುಹೊತ್ತು ಹೊರಗೆ ಹೋಗಿ ಬರುತ್ತಾಳೆ. ಈ ಬಗೆಯ ಮಗು ಅಳುವುದು ಕಡಿಮೆ. ತಾಯಿ ಮರಳಿದಾಗ ಮುಖ ತಿರುಗಿಸಿ ಆಟಿಕೆಯಲ್ಲೇ ಮುಳುಗಿರುತ್ತದೆ. ಆದರೆ ಒಳಗೆ ಎದೆಬಡಿತ ಏರಿರುತ್ತದೆ ಎಂದು 1977ರಲ್ಲಿ ಅಲನ್ ಸ್ರೂಫ್, ಎವರೆಟ್ ವಾಟರ್ಸ್ ತೋರಿಸಿದರು. ದೊಡ್ಡವರಲ್ಲೂ ಇದೇ ಕಂಡಿತು. 1992ರ ಡೋಜಿಯರ್–ಕೋಬಾಕ್ ಅಧ್ಯಯನದಲ್ಲಿ, ಇಂಥವರನ್ನು ಬಾಲ್ಯದ ಅಗಲಿಕೆ, ತಿರಸ್ಕಾರಗಳ ಬಗ್ಗೆ ಕೇಳಿದಾಗ ಚರ್ಮದ ವಿದ್ಯುತ್ ವಾಹಕತೆ, ಅಂದರೆ ಕಣ್ಣಿಗೆ ಕಾಣದಷ್ಟು ಬೆವರುವುದರ ಅಳತೆ, ಮೇಲೇರಿತು.

ಹಾಗಾಗಿ ಚಿಕಿತ್ಸಕರೆದುರು ತಣ್ಣಗೆ ಕೂತವರನ್ನು ಕಂಡು ‘ಇವರಿಗೇನೂ ತಟ್ಟುತ್ತಿಲ್ಲ’ ಅಂದುಕೊಳ್ಳುವ ಅಪಾಯ ದೊಡ್ಡದು. ಚಿಕಿತ್ಸಕರು, ಚಿಕಿತ್ಸೆ ಪಡೆಯುವವರು ಇಬ್ಬರ ನಡುವಿನ ಹೊಂದಾಣಿಕೆ (ಇಂಗ್ಲಿಷಿನಲ್ಲಿ ‘ಅಲಯನ್ಸ್’) ಕುದುರಿದಷ್ಟೂ ಚಿಕಿತ್ಸೆಯ ಫಲ ಹೆಚ್ಚುವುದು ಕಂಡುಬಂದಿದೆ. 295 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಈ ಎರಡರ ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1) ಸುಮಾರು 0.28. ನಾವು ಕೊಡುವ ಹೆಸರೇ ಇಂಥವರನ್ನು ಕಲ್ಲೆದೆಯವರನ್ನಾಗಿ ಮಾಡಿಬಿಟ್ಟರೆ ಅನ್ಯಾಯ. ಓದುವವರಲ್ಲಿ ಅವರೂ ಇರುತ್ತಾರೆ.

‘ಅಂಟಿಯೂ ಅಂಟದ’ ಎಂಬುದು ತಟ್ಟನೆ ಹೊಳೆಯಿತು. ಆದರೆ ಅದು ವಿರಕ್ತರನ್ನು ಹೊಗಳುವ ಮಾತು. ಒಳಗಿನ ತಳಮಳಕ್ಕೆ ಅಲ್ಲಿ ಎಡೆಯಿಲ್ಲ. ಸದ್ಯಕ್ಕೆ ‘ತೋರಗೊಡದ ಹಚ್ಚಿಕೆ’ ಎಂದು ಬರೆದುಕೊಂಡಿದ್ದೇನೆ. ಹಂಬಲವೂ ಇದೆ, ಅದನ್ನು ಅದುಮಿಡುವುದೂ ಇದೆ ಎಂಬ ಎರಡೂ ಇದರಿಂದ ಹೊಮ್ಮುತ್ತವೆಯೆ? ‘ಹಚ್ಚಿಕೆ’ ಎಂಬ ನಾಮರೂಪ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೆ, ಇದ್ದರೆ ಯಾವ ಅರ್ಥದಲ್ಲಿ? ಚಿಕಿತ್ಸಕರೊಡನೆ ಬೆಳೆಯುವ ‘ಅಲಯನ್ಸ್’ಗೂ ಒಂದು ಪದ ಬೇಕು. ‘ಮೈತ್ರಿ’ ಎಂದೊಡನೆ ಪಕ್ಷಗಳು ಕಣ್ಣಮುಂದೆ ಬರುತ್ತವೆ. ಬಲ್ಲವರು ತಿಳಿಸಿ.